ಅಪ್ಪನ ದೂಪೆ ಎಲ್ಲಿ?

ಅಪ್ಪ ದೇಹದಾನದ ಅರ್ಜಿ ತುಂಬಿಸಿ ನನ್ನ ಮುಂದಿಟ್ಟರು. ಸಾಕ್ಷಿಯಾಗಿ ಮನೆಯವರ ಸಹಿ ಬೇಕಿತ್ತು. ವೈಚಾರಿಕತೆಯ ಬಗ್ಗೆ ಬೇಕಾದಷ್ಟು ಮಾತಾಡಿದವನು ನಾನು. ಪೆನ್ನು ಹಿಡಿದಾಗ ಮಾತ್ರ, 'ಹಾಗಾದರೆ ಅಪ್ಪನ ದೂಪೆ ಎಲ್ಲಿ?' ಎಂಬ ಪ್ರಶ್ನೆ ಎದ್ದಿತು.

ನಮ್ಮ ಬಂಟ್ವಾಳ, ಬೆಳ್ತಂಗಡಿಯ ಹಳ್ಳಿಗಳಲ್ಲಿ ಎಷ್ಟೋ ಮನೆಯವರು ಸತ್ತವರನ್ನು ತಮ್ಮ ಜಾಗದ ಮೂಲೆಯಲ್ಲೇ ಸುಟ್ಟು, ಅಲ್ಲೇ ಮಣ್ಣಿನ ದೂಪೆ ಕಟ್ಟುತ್ತಾರೆ. ಮೂಡುಬಿದಿರೆಯ ಕೊಡಂಗಲ್ಲಿನಲ್ಲಿ ಜೈನ ಗುರುಗಳ ಕಲ್ಲಿನ ಸಮಾಧಿಗಳಿವೆ. ಒಬ್ಬರಿಗೆ ಮಣ್ಣು, ಒಬ್ಬರಿಗೆ ಕಲ್ಲು. ಸತ್ತವರಿಗೊಂದು ಜಾಗ ಬೇಕೆಂಬ ಆಸೆ ಒಂದೇ.

ದೇಹದಾನವೆಂದರೆ ದಧೀಚಿಯನ್ನು ನೆನೆಯುವುದು ರೂಢಿ. ಆದರೆ ದಧೀಚಿ ಎಲುಬು ಕೊಡಲು ಜೀವವನ್ನೇ ಬಿಟ್ಟ. ಸತ್ತ ಮೇಲೆ ದೇಹ ಕೊಡುವವರು ಕಳೆದುಕೊಳ್ಳುವುದೇನೂ ಇಲ್ಲ. ಕಳೆದುಕೊಳ್ಳುವವರು ಉಳಿದವರು: ಚಿತೆಗೆ ಕೊಳ್ಳಿ ಇಡುವ ಗಳಿಗೆ, ಬೂದಿ, ದೂಪೆ. ಹಾಗಾಗಿ ಅಪ್ಪ ನನ್ನನ್ನು ಕೇಳಿದ್ದು ನ್ಯಾಯವೇ.

ಯಾರನ್ನೂ ಕೇಳದೆ ಒಯ್ಯುವ ದೇಹಗಳೂ ಇವೆ. ವಾರಸುದಾರರಿಲ್ಲದ ಶವಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಕೊಡಲು ನಮ್ಮ ರಾಜ್ಯದ 1957ರ ಅಂಗರಚನಾಶಾಸ್ತ್ರ ಕಾಯ್ದೆ ಅವಕಾಶ ಕೊಡುತ್ತದೆ. ಬ್ರಿಟನ್ನಿನ 1832ರ ಕಾಯ್ದೆಯೂ ಹೀಗೆಯೇ ಅನಾಥ ಬಡವರ ಹೆಣಗಳನ್ನು ಕೊಯ್ಯುವ ಮೇಜಿಗೆ ಕಳಿಸಿತು. ಅದೇ ವರ್ಷ ತೀರಿಕೊಂಡ ತತ್ತ್ವಜ್ಞಾನಿ ಜೆರೆಮಿ ಬೆಂಥಮ್ ತನ್ನ ದೇಹವನ್ನು ತಾನೇ ಉಯಿಲು ಬರೆದು ಕೊಟ್ಟಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಸತ್ತವನಿಗೆ ಆ ಆಯ್ಕೆ ಇಲ್ಲ. ಅಂಥವನ ದೇಹದಿಂದ ಕಲಿತ ಡಾಕ್ಟರರ ಬಳಿಗೇ ನಾವು ಮಂಗಳೂರಿಗೆ ಓಡುತ್ತೇವೆ. ನಮ್ಮವರಿಗೆ ದೂಪೆ, ಅವನಿಗೆ ಫಾರ್ಮಲಿನ್ ಎಂಬ ಏರ್ಪಾಟಿನ ಲಾಭ ನನಗೂ ಸಿಕ್ಕಿದೆ.

2010ರಲ್ಲಿ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ, ಎರಡು ವರ್ಷದ ಹಿಂದೆ ತೀರಿಕೊಂಡ ತಂದೆಯ ದೇಹವನ್ನು ಅವರ ಇಚ್ಛೆಯಂತೆ ವಿದ್ಯಾರ್ಥಿಗಳೆದುರು ತಾವೇ ಛೇದಿಸಿದರು. ಅಷ್ಟು ಗಟ್ಟಿ ಮನಸ್ಸು ನನಗಿಲ್ಲ. ನನ್ನಿಂದ ಕೇಳಿದ್ದು ಒಂದು ಸಹಿ.

ಮುಂಬೈಯಲ್ಲಿ ಸತ್ತು ಅಲ್ಲೇ ಬೂದಿಯಾದ ನಮ್ಮೂರಿನವರಿಗೆ ಇಲ್ಲಿ ದೂಪೆ ಇಲ್ಲ. ಆದರೂ ಮನೆಯಲ್ಲಿ ಅವರ ಹೆಸರಿಗೆ ಅಗೆಲು ಬಡಿಸುತ್ತಾರೆ. ಬಾಳೆಲೆ ಹಾಕಲು ನೆನಪಿದ್ದರೆ ಸಾಕು.

ಸಹಿ ಹಾಕಿದೆ. ಆದರೆ ಮನೆಯವರು ತಿಳಿಸದಿದ್ದರೆ ಅರ್ಜಿ ಬರೀ ಕಾಗದ. ಆ ದಿನ ಕಾಲೇಜಿಗೆ ಫೋನ್ ಮಾಡಬೇಕಾದವನು ನಾನೇ. ಆಗ ಕೈ ನಡುಗದು ಎಂದು ಈಗಲೇ ಹೇಳಲಾರೆ.