ಆಮೆಯ ಚಿಪ್ಪು ಹೊದಿಕೆಯೋ, ದೇಹವೋ?

ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಬರುವ ಎರಡು ದೃಷ್ಟಾಂತಗಳು ನಮಗೆಲ್ಲ ಪರಿಚಿತವಾದವು. 22ನೆಯ ಶ್ಲೋಕವು ದೇಹವನ್ನು ಹಳೆಯ ಬಟ್ಟೆಗೆ ಹೋಲಿಸುತ್ತದೆ. 58ನೆಯ ಶ್ಲೋಕವು ವಿಷಯಗಳಿಂದ ಇಂದ್ರಿಯಗಳನ್ನು ಹಿಂದೆಗೆಯುವ ಸ್ಥಿತಪ್ರಜ್ಞನನ್ನು, ಅಂಗಗಳನ್ನು ಒಳಗೆಳೆದುಕೊಳ್ಳುವ ಕೂರ್ಮಕ್ಕೆ ಹೋಲಿಸುತ್ತದೆ. ಮೊದಲನೆಯದು ಕಳಚುವುದನ್ನು ಕುರಿತದ್ದು, ಎರಡನೆಯದು ಇರುವಷ್ಟು ಕಾಲ ಹೇಗಿರಬೇಕೆಂಬುದನ್ನು ಕುರಿತದ್ದು. ಹಾಗಾದರೆ ನಾವು ಪಾಲಿಸುವ ಆಚಾರ ನಿಯಮಗಳನ್ನು ಯಾವುದಕ್ಕೆ ಹೋಲಿಸಬೇಕು? ಊರು ಬಿಟ್ಟೊಡನೆ ಮಡಿಸಿಡಬಹುದಾದ ವಸ್ತ್ರಕ್ಕೋ, ಆಮೆಯ ಚಿಪ್ಪಿಗೋ? ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಗೃಹಸ್ಥರಿಗೆ ಇದು ಕೇವಲ ತರ್ಕದ ಪ್ರಶ್ನೆಯಲ್ಲ.

ದಾರ್ಷ್ಟಾಂತಿಕವನ್ನು ಅರಿಯುವ ಮೊದಲು ದೃಷ್ಟಾಂತವನ್ನು ಚೆನ್ನಾಗಿ ಅರಿತುಕೊಳ್ಳಬೇಕು. ಆಮೆಯು ಚಿಪ್ಪಿನೊಳಗೆ ವಾಸಿಸುತ್ತದೆ ಎಂಬುದು ರೂಢಿಯ ಮಾತು. ಆದರೆ ಅದು ಸರಿಯಲ್ಲ. ಖಾಲಿ ಶಂಖದೊಳಗೆ ಸೇರಿಕೊಂಡು, ಮೈ ಬೆಳೆದಂತೆ ಇನ್ನೂ ದೊಡ್ಡ ಶಂಖವನ್ನು ಹುಡುಕಿ ಹೋಗುವ ಒಂದು ಬಗೆಯ ಏಡಿಯುಂಟು. ಬಡ್ತಿ ದೊರೆತಾಗಲೆಲ್ಲ ದೊಡ್ಡ ಕ್ವಾರ್ಟರ್ಸಿಗೆ ಹೋಗುವ ರೈಲ್ವೆ ನೌಕರನಂತೆ. ಸಾಮಾನ್ಯ ಏಡಿಯಾದರೋ ಬೆಳೆಯುವಾಗ ತನ್ನ ಕವಚವನ್ನೇ ಕಳಚಿ, ಹೊಸದು ಗಟ್ಟಿಯಾಗುವವರೆಗೆ ಮೆತ್ತನೆಯ ಮೈಯಿಂದ ಅಡಗಿ ಕುಳಿತಿರುತ್ತದೆ. ಆಮೆ ಇವೆರಡನ್ನೂ ಮಾಡದು. ಚಿಪ್ಪಿನಿಂದ ಹೊರಬರುವುದು ಅದಕ್ಕೆ ಸಾಧ್ಯವೇ ಇಲ್ಲ, ಏಕೆಂದರೆ ಚಿಪ್ಪು ಅದರ ಅಸ್ಥಿಪಂಜರದ ಭಾಗ.

ಮೊಟ್ಟೆಯೊಳಗಿನ ಭ್ರೂಣದ ಬೆನ್ನಿನ ಎರಡು ಪಕ್ಕಗಳಲ್ಲಿ ಮೊದಲು ಒಂದೊಂದು ಏಣು ಮೂಡುತ್ತದೆ. ನಮ್ಮಲ್ಲಿ ಎದೆಯ ಕಡೆಗೆ ಬಾಗುವ ಪಕ್ಕೆಲುಬುಗಳು ಆಮೆಯಲ್ಲಿ ಆ ಏಣಿನ ದಿಕ್ಕಿಗೆ ಹೊರಮುಖವಾಗಿ ಹರಡುತ್ತವೆ. ಅನಂತರ ಅವು ಅಗಲವಾಗಿ, ಬೆನ್ನೆಲುಬಿನೊಡನೆಯೂ ಪರಸ್ಪರವೂ ಬೆಸೆದುಕೊಂಡು ಮೇಲಿನ ಚಿಪ್ಪಾಗುತ್ತವೆ. ಹೀಗೆ ಹರಡುವುದರಿಂದ ಹೆಗಲಿನ ಮೂಳೆಯು ಪಕ್ಕೆಲುಬಿನ ಗೂಡಿನ ಒಳಗೇ ಉಳಿಯುತ್ತದೆ. ಬೆನ್ನೆಲುಬುಳ್ಳ ಬೇರೆ ಪ್ರಾಣಿಗಳಲ್ಲಿ ಈ ವ್ಯವಸ್ಥೆಯಿಲ್ಲ. ಚೀನಾದ ಗ್ವೀಝೌ ಪ್ರಾಂತದಲ್ಲಿ ದೊರೆತು, 2008ರಲ್ಲಿ ವಿವರಿಸಲ್ಪಟ್ಟ, ಸುಮಾರು 22 ಕೋಟಿ ವರ್ಷಗಳ ಹಿಂದಿನ ಪಳೆಯುಳಿಕೆಯೊಂದರಲ್ಲಿ ಹೊಟ್ಟೆಯ ಚಿಪ್ಪು ಪೂರ್ಣವಾಗಿದೆ. ಬೆನ್ನಿನಲ್ಲಿ ಮಾತ್ರ ಅಗಲವಾದ ಪಕ್ಕೆಲುಬುಗಳಷ್ಟೇ ಇವೆ. ಕವಚವು ಒಂದೇ ಬಾರಿಗೆ ಸಿದ್ಧವಾದದ್ದಲ್ಲವೆಂಬುದಕ್ಕೆ ಇದು ಸಾಕ್ಷಿ.

ಇಷ್ಟು ಗಟ್ಟಿಯಾದ ವಸ್ತು ಬೆಳೆಯುವುದು ಹೇಗೆ? ಮೂಳೆಯ ಮೇಲೆ ನಮ್ಮ ಉಗುರಿನಂಥ ಕೆರಟಿನ್ ದ್ರವ್ಯದ ಫಲಕಗಳಿವೆ. ನಮ್ಮ ನಾಡಿನ ನಕ್ಷತ್ರ ಆಮೆಯ ಬೆನ್ನಿನ ನಡುವೆ ಐದು, ಎರಡು ಪಕ್ಕಗಳಲ್ಲಿ ನಾಲ್ಕು ನಾಲ್ಕು ದೊಡ್ಡ ಫಲಕಗಳು. ಅಂಚಿನಲ್ಲಿ ಚಿಕ್ಕವುಗಳ ಸಾಲು. ಮರಿ ಮೊಟ್ಟೆಯಿಂದ ಹೊರಬರುವಾಗಲೇ ಈ ಫಲಕಗಳೆಲ್ಲ ಇರುತ್ತವೆ. ಮುಂದೆ ಅವುಗಳ ಸಂಖ್ಯೆ ಹೆಚ್ಚುವುದಿಲ್ಲ, ವಿಸ್ತಾರ ಮಾತ್ರ ಹೆಚ್ಚುತ್ತದೆ. ಪ್ರತಿಯೊಂದು ಫಲಕದ ಅಡಿಯಲ್ಲಿ, ಮೊದಲಿನದಕ್ಕಿಂತ ತುಸು ಅಗಲವಾದ ಹೊಸ ಪದರ ಉಂಟಾಗಿ, ಅದರ ಅಂಚು ಉಂಗುರದಂತೆ ಹೊರಗೆ ಕಾಣುತ್ತದೆ. ಶೈಶವದ ಫಲಕವು ನಡುವೆ ಹಾಗೆಯೇ ಉಳಿದಿರುತ್ತದೆ. ಒಳಗಿನ ಮೂಳೆಗಳೂ ತಮ್ಮ ಸಂದುಗಳಲ್ಲಿ ಬೆಳೆಯುತ್ತವೆ. ಫಲಕಗಳ ಸಂದು ಮೂಳೆಗಳ ಸಂದಿನ ಮೇಲೆಯೇ ಬೀಳುವುದಿಲ್ಲ. ಇಟ್ಟಿಗೆಯ ಗೋಡೆಯಲ್ಲಿ ಒಂದು ವರಸೆಯ ಸಂದನ್ನು ಮೇಲಿನ ವರಸೆ ಮುಚ್ಚುವಂತೆ ಇಲ್ಲಿಯೂ ದಾರ್ಢ್ಯ ಬರುತ್ತದೆ. ಈ ಚಿಪ್ಪು ಜಡವೂ ಅಲ್ಲ. ಅದರಲ್ಲಿ ರಕ್ತ ಹರಿಯುತ್ತದೆ, ನರಗಳಿವೆ, ಮುಟ್ಟಿದರೆ ಆಮೆಗೆ ತಿಳಿಯುತ್ತದೆ.

ಇದಕ್ಕೆ ಆಮೆ ತೆರುವ ಬೆಲೆಯೂ ಉಂಟು. ಪಕ್ಕೆಲುಬುಗಳು ಅಲುಗದ್ದರಿಂದ ನಮ್ಮಂತೆ ಎದೆ ಹಿಗ್ಗಿಸಿ ಉಸಿರಾಡಲು ಅದಕ್ಕಾಗದು. ಹೊಟ್ಟೆಯ ಸ್ನಾಯುಗಳಿಂದ ಆ ಕೆಲಸ ನಡೆಯಬೇಕು. ಆದರೆ ಪ್ರತಿಫಲವು ಕೇವಲ ಶತ್ರುವಿನಿಂದ ರಕ್ಷಣೆಯಲ್ಲ. ಉತ್ತರ ಅಮೆರಿಕದ ಒಂದು ಜಾತಿಯ ಕೊಳದ ಆಮೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನಡಿ, ಆಮ್ಲಜನಕವೇ ಇಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಆಗ ದೇಹದಲ್ಲಿ ಸೇರುವ ಆಮ್ಲವನ್ನು ಶಮನಗೊಳಿಸುವುದು ಚಿಪ್ಪಿನಿಂದ ಕರಗಿ ಬರುವ ಸುಣ್ಣದ ಅಂಶವೇ. ಸುಖಕಾಲದಲ್ಲಿ ಭಾರವೆನಿಸಿದ್ದು ಆಪತ್ಕಾಲದಲ್ಲಿ ಒಳಗಿನಿಂದ ಕಾಯುತ್ತದೆ.

ಈಗ ಪ್ರಕೃತಕ್ಕೆ ಬರೋಣ. ನಿಯಮವು ಜೀವನಿಗೆ ಅಂಟಿದ ಸ್ವರೂಪವಲ್ಲ. ಜೀವನು ದೇಹಕ್ಕಿಂತ ಭಿನ್ನನೆಂಬ ಸಿದ್ಧಾಂತವನ್ನು ಒಪ್ಪಿದ ನಮಗೆ ಇದರಲ್ಲಿ ಸಂಶಯವಿಲ್ಲ. ಹಾಗೆಂದು ಅದು ಬೇಕಾದಾಗ ಉಟ್ಟು ಬೇಡವಾದಾಗ ಕಳಚುವ ವಸ್ತ್ರವೂ ಅಲ್ಲ. ಚಿಪ್ಪಿನಂತೆ ಅದು ನಮ್ಮ ಮೂಳೆಯಿಂದಲೇ ಬೆಳೆದಾಗ ಮಾತ್ರ ನಮ್ಮದು. ತಂದೆಯ ಚಿಪ್ಪನ್ನು ಮಗನ ಬೆನ್ನಿಗೆ ಹೊರಿಸಿದರೆ ಅದು ಶಂಖದೊಳಗಿನ ಏಡಿಯ ಸ್ಥಿತಿಯಾಗುತ್ತದೆ. ಹಾಸ್ಟೆಲಿಗೆ ಹೋದ ಮೊದಲ ವಾರದಲ್ಲೇ ಅವನು ಬೇರೆ ಶಂಖವನ್ನು ಹುಡುಕಿಕೊಳ್ಳುತ್ತಾನೆ.

ಬೆಳೆಯುವ ವಾತಾವರಣವೂ ಮುಖ್ಯ. ಆಫ್ರಿಕದ ನೆಲದಾಮೆಯ ಮರಿಗಳನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಣ ಹವೆಯಲ್ಲಿ ಬೆಳೆದ ಮರಿಗಳ ಫಲಕಗಳು ತೇವವಿದ್ದಲ್ಲಿ ಬೆಳೆದವುಗಳಿಗಿಂತ ಹೆಚ್ಚಾಗಿ ಗೋಪುರದಂತೆ ಉಬ್ಬಿದ್ದವು. ಅದೃಷ್ಟ ಬರುವುದೆಂಬ ನಂಬಿಕೆಯಿಂದ ನಗರದ ಮನೆಗಳಲ್ಲಿ ನಕ್ಷತ್ರ ಆಮೆಯನ್ನು ಬಚ್ಚಿಟ್ಟು ಸಾಕುವವರು ಇದನ್ನು ತಿಳಿಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧವೂ ಹೌದು. ಕೂರ್ಮರೂಪಿಯನ್ನು ಪೂಜಿಸುವವರು ಕೂರ್ಮವನ್ನು ಸೆರೆಯಲ್ಲಿಡುವುದು ಯಾವ ಧರ್ಮ? ಮಕ್ಕಳ ವಿಷಯವೂ ಹೀಗೆಯೇ. ಏಕಾದಶಿಯ ಅರ್ಥವನ್ನು ಹೇಳದೆ ಉಪವಾಸವನ್ನು ಮಾತ್ರ ಹೇರಿದರೆ, ಸಂಧ್ಯಾವಂದನೆಯ ಮಂತ್ರಗಳನ್ನು ವಿವರಿಸದೆ ಗದರಿಕೆಯಿಂದ ಮಾಡಿಸಿದರೆ, ನಿಯಮವೇನೋ ಬೆಳೆಯಬಹುದು, ಆದರೆ ಉಬ್ಬುತಗ್ಗಾಗಿ ಬೆಳೆಯುತ್ತದೆ. ಪರರನ್ನು ಹೀನಾಯವಾಗಿ ಕಾಣುವ ಒರಟು ಮಡಿವಂತಿಕೆ ಅಂಥದೇ ಒಂದು ವಿಕೃತಿ. ಬಾಲರು, ವೃದ್ಧರು, ರೋಗಿಗಳು ಎಂಬ ಭೇದವನ್ನು ಧರ್ಮಶಾಸ್ತ್ರಗಳೇ ಗಮನಿಸಿರುವಾಗ ನಾವು ಗಮನಿಸಬಾರದೇ?

ಆಮೆಗೆ ಆಯ್ಕೆಯಿಲ್ಲ, ನನಗಿದೆ ಎಂದು ಯುವಕನೊಬ್ಬನು ಆಕ್ಷೇಪಿಸಬಹುದು. ಆಕ್ಷೇಪ ಯುಕ್ತವಾದದ್ದೇ. ದೃಷ್ಟಾಂತವು ಎಲ್ಲ ಅಂಶಗಳಲ್ಲೂ ಹೊಂದಬೇಕಿಲ್ಲ. ಆಯ್ಕೆಯಿರುವುದರಿಂದಲೇ ಮನುಷ್ಯನ ನಿಯಮಕ್ಕೆ ಪುಣ್ಯದ ಮಾತು ಬರುತ್ತದೆ, ಆಯ್ಕೆಯಿರುವುದರಿಂದಲೇ ಹಿರಿಯರು ಬಲಾತ್ಕಾರವನ್ನು ಬಿಟ್ಟು ಕಾರಣವನ್ನು ಹೇಳಬೇಕಾಗುತ್ತದೆ. ಕೂರ್ಮವು ಅಂಗಗಳನ್ನು ಒಳಗೆಳೆದುಕೊಂಡಂತೆ ಮತ್ತೆ ಹೊರಚಾಚಿ ನಡೆಯುತ್ತದೆ ಎಂಬುದನ್ನೂ ಮರೆಯಬಾರದು. ಲೋಕವ್ಯವಹಾರವನ್ನು ಬಿಟ್ಟು ಅವಿತುಕೊಳ್ಳುವುದು ನಿಯಮದ ಉದ್ದೇಶವಲ್ಲ.

ಆದ್ದರಿಂದ ಪರಸ್ಥಳದಲ್ಲಿರುವ ಗೃಹಸ್ಥರು ಮಕ್ಕಳಿಗೆ ನೂರು ನಿಯಮಗಳನ್ನು ಹೇಳುವುದಕ್ಕಿಂತ ಕೆಲವನ್ನೇ ಆರಿಸಿ, ತಾವೂ ತಪ್ಪದೆ ಪಾಲಿಸಿ, ವಯಸ್ಸಿಗೆ ತಕ್ಕಂತೆ ಅವುಗಳ ಅರ್ಥವನ್ನು ವಿಸ್ತರಿಸುತ್ತ ಹೋಗುವುದು ಲೇಸು. ಎಳವೆಯ ಒರಟು ಬೆಳವಣಿಗೆಯಿಂದ ಉಬ್ಬಿದ ಫಲಕವು ಮತ್ತೆ ಸಮವಾಗದು. ಆದರೆ ಆರೈಕೆ ಸರಿಹೋದ ಮೇಲೆ ಅಂಚಿನಲ್ಲಿ ಬರುವ ಹೊಸ ಉಂಗುರಗಳು ಸಮವಾಗಿ ಬರಬಲ್ಲವು. ಮನೆಯಲ್ಲಿ ಈಗಾಗಲೇ ಜಗಳವಾಗಿ ಮಗನು ದೇವರ ಕೋಣೆಗೆ ಕಾಲಿಡುವುದನ್ನೇ ಬಿಟ್ಟಿದ್ದರೆ, ತಂದೆತಾಯಿಗಳು ಇಷ್ಟನ್ನು ನೆನಪಿಟ್ಟು ತಾಳ್ಮೆಯಿಂದ ಮತ್ತೆ ಮಾತಿಗೆ ಕುಳಿತುಕೊಳ್ಳಲಿ.