ಸಂಕಲ್ಪವೂ ಸಮರ್ಪಣೆಯೂ

ಕಳೆದ ಚಾತುರ್ಮಾಸ್ಯದಲ್ಲಿ ಒಂದು ಸಂಜೆ ಪ್ರವಚನ ಮುಗಿದು, ಸಜ್ಜನರು ಮಂತ್ರಾಕ್ಷತೆ ಪಡೆದು ಮನೆಗೆ ಹೊರಡುತ್ತಿದ್ದಾಗ ತರುಣನೊಬ್ಬನು ಹತ್ತಿರ ಬಂದು ನಮಸ್ಕರಿಸಿದನು. ರಾಯಚೂರಿನ ಕಡೆಯಿಂದ ಈ ನಗರಕ್ಕೆ ಬಂದು ನೆಲೆಸಿದ ಕುಟುಂಬದ ಹುಡುಗ. "ಆಚಾರ್ಯರೆ, ಸಿ.ಎ. ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣನಾದೆ. ನಿನ್ನನ್ನು ನೀನು ನಂಬು, ಎಲ್ಲವೂ ಸಾಧ್ಯ ಎಂದು ತರಗತಿಯಲ್ಲಿ ಹೇಳುತ್ತಾರೆ. ಇಲ್ಲಿಗೆ ಬಂದರೆ ಜೀವನು ಅಸ್ವತಂತ್ರ, ಮಾಡಿಸುವವನು ಶ್ರೀಹರಿ ಎಂದು ಕೇಳುತ್ತೇನೆ. ನಮ್ಮ ತಂದೆಯವರು, ನಿನ್ನ ಪ್ರಾರಬ್ಧದಲ್ಲಿ ಇಲ್ಲವೇನೋ ಬಿಡು ಎನ್ನುತ್ತಾರೆ. ನಾನು ಯಾರ ಮಾತು ಕೇಳಲಿ?" ಎಂದನು.

ಈ ಪ್ರಶ್ನೆ ಅವನೊಬ್ಬನದಲ್ಲ. ಊರು ಬಿಟ್ಟು ಬಂದು, ಪರಭಾಷೆಯ ನಡುವೆ ಬದುಕು ಕಟ್ಟಿಕೊಳ್ಳುತ್ತಿರುವ ನಮ್ಮೆಲ್ಲರ ಮನೆಗಳಲ್ಲಿಯೂ ಇದು ಒಂದಿಲ್ಲೊಂದು ದಿನ ಏಳುತ್ತದೆ. ಪರತಂತ್ರನಾದ ಜೀವನಿಗೆ ಆತ್ಮವಿಶ್ವಾಸವೆಂಬುದು ಉಂಟೆ? ಉಂಟಾದರೆ ಅದು ಅಹಂಕಾರವೇ ಆಗುವುದಿಲ್ಲವೆ?

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವದ ವಿಚಾರ ಬಂದಿದೆ. ಜೀವನು ಕರ್ತೃವೇ ಅಲ್ಲವೆಂದರೆ, ಇದನ್ನು ಮಾಡು, ಇದನ್ನು ಮಾಡಬೇಡ ಎಂಬ ಶಾಸ್ತ್ರದ ವಿಧಿನಿಷೇಧಗಳು ವ್ಯರ್ಥವಾಗುತ್ತವೆ. ಕಲ್ಲಿಗೆ ಯಾರೂ ವಿಧಿ ಹೇಳುವುದಿಲ್ಲ. ಆದ್ದರಿಂದ ಜೀವನಿಗೆ ಕರ್ತೃತ್ವ ಉಂಟು. ಆದರೆ ಅದು ಭಗವಂತನ ಅಧೀನ. ಇದನ್ನು ತಿಳಿಸಲು ಸೂತ್ರಕಾರರು ಕೊಡುವ ದೃಷ್ಟಾಂತ ಬಡಗಿಯದು. ಬಡಗಿಯು ಕೆಲಸ ಮಾಡಿಸುವ ಯಜಮಾನನಿಗೆ ಅಧೀನನೂ ಹೌದು, ಸ್ವತಃ ಕೆಲಸ ಮಾಡುವವನೂ ಹೌದು ಎಂದು ಶ್ರೀಮದಾಚಾರ್ಯರು ಭಾಷ್ಯದಲ್ಲಿ ವಿವರಿಸಿದ್ದಾರೆ.

ಈ ದೃಷ್ಟಾಂತವನ್ನು ಮನಸ್ಸಿನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನೋಡಬೇಕು. ಮರ ಯಜಮಾನನದು, ಕೆಲಸ ಹೇಳಿದವನೂ ಅವನೇ. ಬಾಗಿಲು ಸಿದ್ಧವಾದ ಮೇಲೆ ಬಡಗಿಯು "ಮನೆ ನನ್ನದು" ಎಂದರೆ ಅದು ಅಹಂಕಾರ. ಹಾಗೆಂದು ಉಳಿಯನ್ನು ಕೆಳಗಿಟ್ಟು, "ಯಜಮಾನನ ಇಚ್ಛೆ ಇದ್ದರೆ ಬಾಗಿಲು ತಾನೇ ಆಗಲಿ" ಎಂದು ಜಗಲಿಯ ಮೇಲೆ ಕುಳಿತರೆ ಅದು ಭಕ್ತಿಯಲ್ಲ, ಆಲಸ್ಯ. ಮುಂದಿನ ಸೂತ್ರಗಳಲ್ಲಿ, ಭಗವಂತನು ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ ಫಲ ಕೊಡುತ್ತಾನೆಂಬ ನಿರ್ಣಯವೂ ಇದೆ. ಹಿಂದಿನ ಕರ್ಮ ಮತ್ತು ಸಂಸ್ಕಾರಗಳ ಜೊತೆಗೆ ಪ್ರಯತ್ನವನ್ನೂ ಆಚಾರ್ಯರು ಎಣಿಸಿದ್ದಾರೆ. ಈ ಮೂರೂ ಅವನ ವಶದಲ್ಲಿಯೇ ಇರುವುದರಿಂದ ಅವನ ಸ್ವಾತಂತ್ರ್ಯಕ್ಕೆ ಕುಂದಿಲ್ಲ. ಪ್ರಯತ್ನಕ್ಕೆ ಸ್ಥಾನವಿರುವುದರಿಂದ ನಮ್ಮ ಆಲಸ್ಯಕ್ಕೆ ನೆಪವೂ ಇಲ್ಲ.

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಸಾತ್ವಿಕ ಕರ್ತೃವಿನ ಲಕ್ಷಣ ಹೇಳುವಾಗ, 'ನಾನು, ನಾನು' ಎನ್ನದಿರುವುದನ್ನೂ ಧೃತಿ ಮತ್ತು ಉತ್ಸಾಹಗಳನ್ನೂ ಶ್ರೀಕೃಷ್ಣನು ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಒಂದಿದ್ದರೆ ಇನ್ನೊಂದು ಇರದೆಂಬ ಭ್ರಮೆ ನಮ್ಮದು. ಶ್ರೀರಾಘವೇಂದ್ರತೀರ್ಥರ ಪೂರ್ವಾಶ್ರಮವನ್ನು ನೆನೆಯೋಣ. ಹೊಟ್ಟೆಗೆ ಅನ್ನವಿಲ್ಲದ, ಉಡಲು ಹರಿದ ಬಟ್ಟೆಯೇ ಗತಿಯಾಗಿದ್ದ ವೇಂಕಟನಾಥಾಚಾರ್ಯರ ದಾರಿದ್ರ್ಯವನ್ನು ಅವರ ಸೋದರಳಿಯ ನಾರಾಯಣಾಚಾರ್ಯರು ರಾಘವೇಂದ್ರವಿಜಯದಲ್ಲಿ ವರ್ಣಿಸಿದ್ದಾರೆ. ಅವರು ಪ್ರಾರಬ್ಧವನ್ನು ಅರಿಯದವರಲ್ಲ. ಆದರೂ ಪಾಠಪ್ರವಚನವನ್ನು ಬಿಡಲಿಲ್ಲ. ದಾರಿದ್ರ್ಯವನ್ನು ಪ್ರಾರಬ್ಧವೆಂದು ಸಹಿಸಿದರು. ಅಧ್ಯಯನವನ್ನು ಕರ್ತವ್ಯವೆಂದು ನಡೆಸಿದರು. 1621ರಲ್ಲಿ ಸಂನ್ಯಾಸ ಸ್ವೀಕರಿಸಿ 1671ರಲ್ಲಿ ಬೃಂದಾವನಸ್ಥರಾಗುವವರೆಗಿನ ಅವರ ಐವತ್ತು ವರ್ಷಗಳನ್ನು ಲೋಕವೇ ಬಲ್ಲದು. ನ್ಯಾಯಸುಧೆಗೆ ಅವರು ಬರೆದ ಪರಿಮಳವನ್ನು ಇಂದಿಗೂ ವಿದ್ವಾಂಸರು ಪಾಠ ಹೇಳುತ್ತಾರೆ.

ಹಾಗಾದರೆ "ಮನಸ್ಸು ಮಾಡಿದರೆ ಯಾರಿಗೆ ಏನು ಬೇಕಾದರೂ ಸಾಧ್ಯ" ಎಂಬ ಮಾತನ್ನು ಒಪ್ಪೋಣವೆ? ಅದೂ ನಮ್ಮ ಸಿದ್ಧಾಂತವಲ್ಲ. ಜೀವಜೀವರಲ್ಲಿ ಭೇದವುಂಟು, ಯೋಗ್ಯತೆಯಲ್ಲಿ ತಾರತಮ್ಯವುಂಟು. ಎಲ್ಲ ಪ್ರಯತ್ನವೂ ನಾವು ಬಯಸಿದ ಫಲವನ್ನೇ ಕೊಡಬೇಕೆಂದಿಲ್ಲ. ಆದರೆ ನಮ್ಮಲ್ಲಿ ಎಷ್ಟು ಶಕ್ತಿಯನ್ನು ಅವನು ಇಟ್ಟಿದ್ದಾನೆಂಬುದು ಪ್ರಯತ್ನಿಸದೆ ತಿಳಿಯುವುದು ಹೇಗೆ? ಎರಡು ಸಲ ಸೋತದ್ದು ಆ ಎರಡು ಸಲದ ಹರಿ ಇಚ್ಛೆಯನ್ನು ತಿಳಿಸೀತು. ಮೂರನೆಯದನ್ನು ಮೊದಲೇ ನಿರ್ಣಯಿಸಲು ನಾವು ಸರ್ವಜ್ಞರಲ್ಲ. ಪ್ರಯತ್ನಕ್ಕೆ ಮೊದಲೇ "ನನ್ನಿಂದಾಗದು" ಎನ್ನುವುದು ವಿನಯದಂತೆ ತೋರಿದರೂ, ಭಗವಂತನ ಸಂಕಲ್ಪವನ್ನು ನಾನು ಬಲ್ಲೆನೆಂಬ ಅಹಂಕಾರವೇ ಅದರಲ್ಲಿ ಅಡಗಿದೆ.

ಉತ್ತರವು ನಮ್ಮ ನಿತ್ಯಕರ್ಮದಲ್ಲಿಯೇ ಇದೆ ಎಂದು ಆ ತರುಣನಿಗೆ ಹೇಳಿದೆನು. ಯಾವ ಕರ್ಮಕ್ಕೂ ಮೊದಲು ನಾವು ಸಂಕಲ್ಪ ಮಾಡುತ್ತೇವೆ: ವಿಷ್ಣುವಿನ ಪ್ರೇರಣೆಯಿಂದ, ವಿಷ್ಣುವಿನ ಪ್ರೀತಿಗಾಗಿ ಎಂದು ಹೇಳಿ, ಕೊನೆಗೆ "ಕರಿಷ್ಯೇ" ಎನ್ನುತ್ತೇವೆ. ಪ್ರೇರಣೆ ಅವನದು, ಪ್ರೀತಿ ಅವನದು. ಮಾಡುತ್ತೇನೆ ಎಂಬ ಮಾತು ಮಾತ್ರ ನಮ್ಮ ಬಾಯಿಂದಲೇ ಬರಬೇಕು. ದೂರದ ಊರುಗಳಿಗೆ ಬಂದ ಮೇಲೆ ಸಂಕಲ್ಪದಲ್ಲಿ ದೇಶದ, ನದಿಯ ಹೆಸರನ್ನು ಬದಲಿಸಿಕೊಂಡವರುಂಟು. "ಕರಿಷ್ಯೇ" ಎಂಬುದನ್ನು ಬಿಟ್ಟವರಿಲ್ಲ. ಕರ್ಮ ಮುಗಿದ ಮೇಲೆ ಕೃಷ್ಣಾರ್ಪಣ ಬಿಡುತ್ತೇವೆ. ಏನನ್ನೂ ಮಾಡದವನು ಏನನ್ನು ಅರ್ಪಿಸಿಯಾನು?

ನನ್ನೊಳಗೆ ಬಿಂಬರೂಪಿಯಾಗಿ ನಿಂತವನು ನನ್ನ ಕೈ ಬಿಟ್ಟಿಲ್ಲವೆಂಬ ಭರವಸೆಯೇ ವೈಷ್ಣವನ ಆತ್ಮವಿಶ್ವಾಸ. ಗೆದ್ದಾಗ ಅದು ಬೀಗುವುದಿಲ್ಲ, ಸೋತಾಗ ಕುಸಿಯುವುದಿಲ್ಲ.

ಆ ತರುಣನು ಮತ್ತೆ ಪರೀಕ್ಷೆಗೆ ಕುಳಿತಿದ್ದಾನೆ. ಫಲಿತಾಂಶ ಇನ್ನೂ ಬಂದಿಲ್ಲ. ಮೊನ್ನೆ ಮಠದಲ್ಲಿ ಸಿಕ್ಕ ಅವನ ತಂದೆಯವರು, "ಬೆಳಗಿನ ಸಂಧ್ಯಾವಂದನೆ ಮುಗಿಸಿ ಪುಸ್ತಕ ಹಿಡಿಯುತ್ತಿದ್ದ, ಆಚಾರ್ಯರೆ. ಬಿಡು ಅನ್ನೋ ಮಾತು ನಾನೂ ಬಿಟ್ಟೆ" ಎಂದರು. ಫಲ ಏನೇ ಬರಲಿ, ಆ ಮನೆಯಲ್ಲಿ ಒಂದು ಸಾಧನೆ ಆಗಲೇ ನಡೆದಿದೆ.

ಶ್ರೀಕೃಷ್ಣಾರ್ಪಣಮಸ್ತು.