ಹೋಗಿ ಬಾ ಎಂಬ ಅನುಜ್ಞೆ

ಮನೆಯಿಂದ ಹೊರಡುವವನು 'ಹೋಗುತ್ತೇನೆ' ಎಂದಷ್ಟೇ ಹೇಳಿ ಹೊಸ್ತಿಲು ದಾಟುವುದು ಕಾಸರಗೋಡಿನ ಸೀಮೆಯ ರೂಢಿಯಲ್ಲ. ಕನ್ನಡದಲ್ಲಿ 'ಹೋಗಿ ಬರುತ್ತೇನೆ' ಎನ್ನುವರು. ತುಳುವಿನಲ್ಲಿ 'ಪೋದು ಬರ್ಪೆ' ಎನ್ನುವರು. ಮಲೆಯಾಳದಲ್ಲಿ 'ಪೋಯಿ ವರಾಂ' ಎನ್ನುವರು. ಭಾಷೆ ಮೂರಾದರೂ ಭಾವ ಒಂದೇ. ಹೋಗುವ ಮಾತಿನೊಳಗೆ ಬರುವ ಮಾತನ್ನೂ ಸೇರಿಸಿ ಹಿರಿಯರ ಮುಂದಿಡಬೇಕೆಂಬ ಸಂಸ್ಕಾರವು ಇಲ್ಲಿಯ ನುಡಿಗಳಲ್ಲಿಯೇ ಬೇರೂರಿದೆ. ಅದಕ್ಕೆ ಹಿರಿಯರು ಕೊಡುವ ಉತ್ತರ 'ಹೋಗಿ ಬಾ' ಎಂಬುದು. ಈ ಎರಡು ಮಾತುಗಳ ನಡುವೆ ಅಡಗಿರುವ ಧರ್ಮವು ಯಾವುದು? ಪ್ರಾಯಕ್ಕೆ ಬಂದ ಮಕ್ಕಳು ತಟಕ್ಕನೆ ದೂರದ ಪ್ರಯಾಣಕ್ಕೆ ಹೊರಟು ನಿಂತಾಗ ತಾಯಿತಂದೆಗಳು ತಡೆಯಬೇಕೇ, ಸುಮ್ಮನಿರಬೇಕೇ? ಮನೆಮನೆಯಲ್ಲಿ ಇಂದು ಎದ್ದಿರುವ ಪ್ರಶ್ನೆ ಇದು.

ಹಿಂದೆ ಕಾಶಿಗೆ ಹೊರಡುವವನು ಸಾಲಸೋಲಗಳನ್ನು ತೀರಿಸಿ, ಬಂಧುಗಳ ಮನೆಗಳಿಗೆ ಹೋಗಿ ಹೇಳಿ, ಗ್ರಾಮದೇವರ ಪ್ರಸಾದವನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆಯುತ್ತಿದ್ದನು. ಮರಳುವ ಭರವಸೆ ಕಡಿಮೆಯಾಗಿದ್ದುದರಿಂದ ಸಿದ್ಧತೆ ಹೆಚ್ಚಾಗಿತ್ತು. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಕೊಂಕಣ ರೈಲುದಾರಿ ಪೂರ್ಣವಾಗಿ ತೆರೆದುದು 1998ರಲ್ಲಿ. ಈಗಲಾದರೋ ಬೆಂಗಳೂರಿನಲ್ಲಿಯೋ ಕೊಚ್ಚಿಯಲ್ಲಿಯೋ ಉದ್ಯೋಗದಲ್ಲಿರುವ ಮಗನು ಶುಕ್ರವಾರ ರಾತ್ರಿ ಊಟ ಮುಗಿಸಿ, ಅಂಗೈಯಗಲದ ಫೋನಿನಲ್ಲಿ ಟಿಕೆಟು ಮಾಡಿ, ಶನಿವಾರ ಸಂಜೆಯೊಳಗೆ ಗಂಗೆಯ ದಡದಲ್ಲಿರಬಲ್ಲನು. ಮಗಳೊಬ್ಬಳು ಗೆಳತಿಯರನ್ನು ಕೂಡಿಕೊಂಡು ಲಡಾಖಿಗೆ ಹೊರಡುವಳು. ಊರಿನಲ್ಲಿ ಅಡಕೆ ಸುಲಿಯುತ್ತ ಕುಳಿತ ತಂದೆಗೆ ಸುದ್ದಿ ತಿಳಿಯುವಾಗ ವಿಮಾನವು ಇಳಿದಿರುತ್ತದೆ. ದಾರಿ ಹತ್ತಿರವಾಯಿತು, ಸಂಕಲ್ಪಕ್ಕೂ ಪ್ರಯಾಣಕ್ಕೂ ನಡುವೆ ಇದ್ದ ಅವಕಾಶವು ಮಾಯವಾಯಿತು. ಆ ಅವಕಾಶದಲ್ಲಿಯೇ ಹಿಂದೆ ಹಿರಿಯರ ಬುದ್ಧಿಮಾತು ಸಲ್ಲುತ್ತಿತ್ತು, ಆಶೀರ್ವಾದವೂ ಸಲ್ಲುತ್ತಿತ್ತು.

ತಾಯಿತಂದೆಗಳ ಭಯವು ಬರಿಯ ಭ್ರಮೆಯೆಂದು ತಳ್ಳಿಹಾಕುವಂತಿಲ್ಲ. 2013ರ ಜೂನ್ ತಿಂಗಳಿನಲ್ಲಿ ಕೇದಾರದ ಮೇಲೆ ಜಲಪ್ರಳಯವೆರಗಿ ಸಾವಿರಾರು ಜನರು ಪ್ರಾಣ ತೆತ್ತರು. ಅವರಲ್ಲಿ ಭಕ್ತಿಯಿಂದ ಹೊರಟ ಯಾತ್ರಿಕರೇ ಬಹಳ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದುದು ಕಾಸರಗೋಡಿನ ಮೂಲಕವೇ ಹಾದುಹೋಗುವ ಹೆದ್ದಾರಿಯ ಮೇಲೆ. ಕಾಣೆಯಾದವರ ಸುದ್ದಿಗಾಗಿ ಮನೆಯವರು ವಾರಗಟ್ಟಲೆ ಕಾಯಬೇಕಾಯಿತು. ಎರಡು ವಾರ ಕಳೆಯುವುದರೊಳಗೆ ವಯನಾಡಿನ ಮುಂಡಕೈ, ಚೂರಲ್‌ಮಲೆಗಳು ಒಂದೇ ಇರುಳಿನಲ್ಲಿ ಕೊಚ್ಚಿಹೋದುವು. ಕೇದಾರವು ಸಮುದ್ರಮಟ್ಟದಿಂದ ಸುಮಾರು 11,700 ಅಡಿ ಎತ್ತರದಲ್ಲಿದೆ. ಲೇಹ್ ಪಟ್ಟಣವೂ ಹೆಚ್ಚು ಕಡಿಮೆ ಅಷ್ಟೇ ಎತ್ತರ. ಕಡಲ ತಡಿಯಲ್ಲಿ ಬೆಳೆದ ದೇಹವು ವಿಮಾನದಲ್ಲಿ ನೇರವಾಗಿ ಅಲ್ಲಿ ಇಳಿದರೆ ಒಂದೆರಡು ದಿನವಾದರೂ ವಿಶ್ರಾಂತಿ ಪಡೆದು ತೆಳುವಾದ ಗಾಳಿಗೆ ಹೊಂದಿಕೊಳ್ಳಬೇಕು. ಹೀಗಿರುವಾಗ 'ಮಳೆಗಾಲದಲ್ಲಿ ಘಾಟಿ ಹತ್ತಬೇಡ, ಇರುಳಿನಲ್ಲಿ ಬೈಕು ಓಡಿಸಬೇಡ' ಎಂಬ ತಂದೆಯ ಮಾತಿನಲ್ಲಿ ಅನುಭವದ ತಿರುಳಿದೆ. ಅದನ್ನು ಮುದುಕರ ಗೊಣಗಾಟವೆಂದು ಎಣಿಸುವುದು ಅವಿವೇಕ.

ಆದರೆ ಹಿರಿಯರ ಭಯವೆಲ್ಲವೂ ಅನುಭವದಿಂದ ಹುಟ್ಟಿದುದೂ ಅಲ್ಲ. ಅದರಲ್ಲಿ ಅರ್ಧ ತಿಳಿವಳಿಕೆ, ಅರ್ಧ ಮಮತೆ. ತಿಳಿವಳಿಕೆಯು ದಾರಿಯ ಅಪಾಯವನ್ನು ನೋಡಿ ಮಾತಾಡುತ್ತದೆ. ಮಮತೆಯು 'ಇವನು ನನ್ನವನು, ನನ್ನ ಕಣ್ಣಳತೆಯಲ್ಲಿಯೇ ಇರಬೇಕು' ಎಂದು ಹಟ ಹಿಡಿಯುತ್ತದೆ. ಎರಡೂ ಒಂದೇ ನಾಲಗೆಯಿಂದ ಹೊರಡುವುದರಿಂದ ಆಡುವವರಿಗೂ ಭೇದ ತಿಳಿಯದು, ಕೇಳುವವರಿಗೂ ತಿಳಿಯದು. ಈ ಮಮತೆಯಿಂದ ಮಹಾತ್ಮರೂ ಪಾರಾಗಲಿಲ್ಲ. ವೇದಗಳನ್ನು ವಿಂಗಡಿಸಿದ ವ್ಯಾಸಮಹರ್ಷಿಗಳೇ, ಮಗನಾದ ಶುಕನು ಎಲ್ಲವನ್ನೂ ತೊರೆದು ನಡೆದಾಗ, 'ಮಗನೇ' ಎಂದು ಕೂಗುತ್ತ ಹಿಂದೆ ಹೋದರೆಂದೂ ಅವರ ಕೂಗಿಗೆ ಮರಗಳೇ ಓಗೊಟ್ಟುವೆಂದೂ ಭಾಗವತವು ಹೇಳುತ್ತದೆ. ಆದುದರಿಂದ ಮಕ್ಕಳಿಗಾಗಿ ಕಳವಳಪಡುವುದು ನಾಚಿಕೆಯ ವಿಷಯವಲ್ಲ. ಆ ಕಳವಳವನ್ನು ಏನು ಮಾಡಬೇಕೆಂಬುದೇ ವಿಚಾರ.

ಇದಕ್ಕೆ ರಾಮಾಯಣದ ಕೌಸಲ್ಯಾದೇವಿಯಲ್ಲಿ ಒಂದು ದಾರಿ ಕಾಣುತ್ತದೆ. ವನವಾಸದ ಮಾತು ಕೇಳಿದಾಗ ಆಕೆಯು ಮೊದಲು ತಡೆದಳು, ಅತ್ತಳು, ತಾನೂ ಬರುವೆನೆಂದಳು. ಶ್ರೀರಾಮನ ನಿಶ್ಚಯವು ಚಲಿಸದೆಂದು ಕಂಡ ಮೇಲೆ ಕಣ್ಣೀರನ್ನು ಒರಸಿ, ಆಚಮನ ಮಾಡಿ, ಮಂಗಳವನ್ನು ಹಾರೈಸತೊಡಗಿದಳು. ವಾಲ್ಮೀಕಿಗಳು ಆ ಹಾರೈಕೆಯನ್ನು ಬಹು ವಿಸ್ತಾರವಾಗಿ ವರ್ಣಿಸಿದ್ದಾರೆ. ದೇವತೆಗಳೂ ಋಷಿಗಳೂ ದಿಕ್ಕುಗಳೂ ಪರ್ವತಸಮುದ್ರಗಳೂ ಮಗನನ್ನು ಕಾಪಾಡಲೆಂದು ಬೇಡುವ ಆ ತಾಯಿ, ರಾಕ್ಷಸರನ್ನು ನೆನೆದಂತೆಯೇ ಕಾಡಿನ ಚೇಳುಗಳನ್ನೂ ಸೊಳ್ಳೆಗಳನ್ನೂ ನೆನೆಯುತ್ತಾಳೆ. ಅವುಗಳಿಂದಲೂ ಮಗನಿಗೆ ಬಾಧೆ ಬಾರದಿರಲೆಂದು ಕೇಳುತ್ತಾಳೆ. ಕೊನೆಗೆ ವಿಶಲ್ಯಕರಣಿಯೆಂಬ ಮೂಲಿಕೆಯನ್ನು ಅವನಿಗೆ ರಕ್ಷೆಯಾಗಿ ಕಟ್ಟುತ್ತಾಳೆ. ಆಕೆಯ ಭಯವೇನೂ ಅಳಿಯಲಿಲ್ಲ. ಅಪಾಯಗಳ ಪಟ್ಟಿ ಮೊದಲಿದ್ದಂತೆಯೇ ಇತ್ತು. ಆದರೆ ತಡೆಯುವ ಮಾತಾಗಿದ್ದುದು ಹಾರೈಸುವ ಮಾತಾಯಿತು. ಕೈ ಹಿಡಿದು ಜಗ್ಗುವ ಬದಲು ಕೈಗೆ ಔಷಧಿ ಕಟ್ಟಿತು. ಇಂದಿನ ತಾಯಿಯು ಮಗನ ಚೀಲದಲ್ಲಿ ಜ್ವರದ ಮಾತ್ರೆಯನ್ನೂ ಉಣ್ಣೆಯ ಅಂಗಿಯನ್ನೂ ದೇವರ ಗಂಧಪ್ರಸಾದದ ಪೊಟ್ಟಣವನ್ನೂ ಇಡುವಾಗ ಮಾಡುವುದು ಇದೇ ಕೆಲಸವನ್ನು.

ಹಾಗಾದರೆ ಕರ್ತವ್ಯವೆಲ್ಲ ಹಿರಿಯರದೇ ಆಯಿತೇ? ಅಲ್ಲ. ಮಕ್ಕಳ ಪಾಲಿನದೂ ಇದೆ. ಕಾಲಡಿಯ ಬಾಲಕ ಶಂಕರನಿಗೆ ಸಂನ್ಯಾಸದ ಹಂಬಲವು ಅದಮ್ಯವಾಗಿದ್ದರೂ ತಾಯಿಯ ಒಪ್ಪಿಗೆಯಿಲ್ಲದೆ ಹೊರಡಲಿಲ್ಲವೆಂದೂ, ಹೊರಡುವಾಗ ಅಂತ್ಯಕಾಲದಲ್ಲಿ ಬಳಿಗೆ ಬರುವೆನೆಂದು ಮಾತು ಕೊಟ್ಟು ಅದರಂತೆ ನಡೆದನೆಂದೂ ಶಂಕರವಿಜಯಗಳು ಹೇಳುತ್ತವೆ. ಪಾಜಕದ ವಾಸುದೇವನು, ಮುಂದೆ ಮಧ್ವಾಚಾರ್ಯರೆನಿಸಿದವರು, ತಾಯಿತಂದೆಗಳಿಗೆ ಆಸರೆಯಾಗಿ ತಮ್ಮನೊಬ್ಬನು ಹುಟ್ಟುವ ತನಕ ಕಾದು, ತಾಯಿಯ ಅನುಮತಿಯನ್ನು ಪಡೆದೇ ಸಂನ್ಯಾಸವನ್ನು ಸ್ವೀಕರಿಸಿದರೆಂಬುದು ಸುಮಧ್ವವಿಜಯದ ಕಥೆ. ಸಿದ್ಧಾಂತದಲ್ಲಿ ಬೇರೆಬೇರೆಯಾದ ಈ ಇಬ್ಬರು ಆಚಾರ್ಯರೂ ಒಂದು ವಿಷಯದಲ್ಲಿ ಒಂದಾಗಿದ್ದಾರೆ: ಜಗತ್ತಿಗೇ ಗುರುವಾಗಲಿರುವವನಿಗೂ ಮನೆಯ ಹೊಸ್ತಿಲಿನಲ್ಲಿ ತಾಯಿಯ ಅನುಜ್ಞೆಯು ಬೇಕು. ಕಠೋಪನಿಷತ್ತಿನ ನಚಿಕೇತನ ಮಾತು ಇನ್ನೂ ಹೃದಯಸ್ಪರ್ಶಿಯಾದುದು. ಯಮನ ಬಾಗಿಲಿನವರೆಗೆ ಹೋಗಿ, ಮೂರು ರಾತ್ರಿ ಉಪವಾಸವಿದ್ದು, ಮೂರು ವರಗಳನ್ನು ಪಡೆದ ಆ ಬಾಲಕನು ಸ್ವರ್ಗದ ಅಗ್ನಿವಿದ್ಯೆಯನ್ನೂ ಆತ್ಮವಿದ್ಯೆಯನ್ನೂ ಆಮೇಲೆ ಕೇಳಿದನು. ಮೊದಲನೆಯ ವರವಾಗಿ ಬೇಡಿದುದು ಮನೆಯಲ್ಲಿದ್ದ ತಂದೆಯ ಮನಸ್ಸು ಶಾಂತವಾಗಲಿ ಎಂಬುದನ್ನು. ಎಷ್ಟು ದೂರ ಹೋದವನಿಗೂ ಮೊದಲ ನೆನಪು ಮನೆಯ ಚಿಂತೆಯದಾಗಿರಬೇಕೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಪ್ರಮಾಣ ಬೇಕೇ?

'ಇಪ್ಪತ್ತೈದು ವರ್ಷದ ಮಗನು ಪ್ರತಿಯೊಂದಕ್ಕೂ ಅಪ್ಪಣೆ ಕೇಳಬೇಕೇ?' ಎಂದು ಆಕ್ಷೇಪಿಸುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂದು ನೀತಿವಿದರೇ ಹೇಳಿರುವರು. ಅಪ್ಪಣೆಯು ಬೇರೆ, ಅನುಜ್ಞೆಯು ಬೇರೆ. ಅಪ್ಪಣೆಯಲ್ಲಿ ಒಬ್ಬನ ಇಚ್ಛೆಯು ಇನ್ನೊಬ್ಬನ ಇಚ್ಛೆಯನ್ನು ಆಳುತ್ತದೆ. ಅನುಜ್ಞೆಯಲ್ಲಿ ಒಬ್ಬನ ನಿಶ್ಚಯಕ್ಕೆ ಇನ್ನೊಬ್ಬರ ಮನಸ್ಸು ಜೊತೆಗೂಡುತ್ತದೆ. ತಾನಾಗಿಯೇ ಮನಸ್ಸಿಗೆ ಬಂದ ಪ್ರೇರಣೆಯನ್ನು ಹಿರಿಯರೂ ಹಳಿಯುವಂತಿಲ್ಲ; ಅಮ್ಮ ಕರೆದರೆ ಮಾತ್ರ ಕೊಲ್ಲೂರಿಗೆ ಹೋಗಲಾಗುವುದೆಂದು ನಂಬಿ, ಬೆಳಗ್ಗೆ ನೆನೆದು ಮಧ್ಯಾಹ್ನದ ರೈಲು ಹತ್ತಿದವರು ಅವರಲ್ಲಿಯೂ ಇದ್ದಾರೆ. ಪ್ರೇರಣೆಯು ಕ್ಷಣದಲ್ಲಿ ಬರಲಿ. ಸಿದ್ಧತೆಗೆ ಮಾತ್ರ ಅದರ ಕಾಲವನ್ನು ಕೊಡಬೇಕು. ಶಬರಿಮಲೆಗೆ ಹೋಗುವ ಹುಡುಗನು 41 ದಿನ ವ್ರತ ಹಿಡಿಯುತ್ತಾನೆ. ಇರುಮುಡಿ ಕಟ್ಟುವಾಗ ಮನೆಯವರೆಲ್ಲರೂ ಅದಕ್ಕೆ ಅಕ್ಕಿ ಹಾಕುತ್ತಾರೆ. ಅಲ್ಲಿ ಪ್ರಯಾಣವು ಒಬ್ಬನದಾದರೂ ತಲೆಯ ಮೇಲಿನ ಗಂಟು ಮನೆಯವರೆಲ್ಲರದು.

ಇಲ್ಲಿ ಹಿರಿಯರು ಮರೆಯಬಾರದ ಸೂಕ್ಷ್ಮವೊಂದಿದೆ. ಸುದ್ದಿ ತಂದ ಮಗನಿಗೆ ಪ್ರತಿಸಲವೂ ಕೋಪವೇ ಸಿಕ್ಕಿದರೆ, ಅವನು ಪ್ರಯಾಣವನ್ನು ಬಿಡುವುದಿಲ್ಲ. ಸುದ್ದಿ ತರುವುದನ್ನು ಬಿಡುತ್ತಾನೆ. 'ಕೆಲಸ ಹೆಚ್ಚಿದೆ, ಈ ವಾರ ಫೋನು ಮಾಡಲಾಗದು' ಎಂದು ಹೇಳಿ ಬೆಟ್ಟ ಹತ್ತುತ್ತಾನೆ. ಆಗ ಕಾಪಾಡಲೆಂದು ಹಾಕಿದ ನಿಷೇಧವೇ ಅಪಾಯಕ್ಕೆ ದಾರಿಯಾಗುತ್ತದೆ. ಗುಡ್ಡ ಕುಸಿದ ದಿನ ಅವನನ್ನು ಎಲ್ಲಿ ಹುಡುಕಬೇಕೆಂದು ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಆದುದರಿಂದ 'ಯಾಕೆ ಹೋಗುತ್ತೀ?' ಎಂಬ ಪ್ರಶ್ನೆಗಿಂತ 'ಯಾವ ದಾರಿ, ಯಾರು ಜೊತೆ, ಎಲ್ಲಿ ತಂಗುವುದು, ಎಂದು ಬರುವುದು?' ಎಂಬ ಪ್ರಶ್ನೆಗಳು ಮಿಗಿಲು. ಮೊದಲನೆಯದು ಮಾತನ್ನು ಮುಚ್ಚುತ್ತದೆ, ಉಳಿದವು ತೆರೆಯುತ್ತವೆ. ಮಕ್ಕಳೂ ಈ ನಾಲ್ಕು ಪ್ರಶ್ನೆಗಳಿಗೆ ಕೇಳುವ ಮೊದಲೇ ಉತ್ತರ ಕೊಟ್ಟರೆ ಅವರ ಸ್ವಾತಂತ್ರ್ಯಕ್ಕೆ ಕುಂದೇನೂ ಬಾರದು. ಇಂತಹ ಮಾತುಕತೆಯಿರುವ ಮನೆಯಲ್ಲಿ, ನಿಜವಾಗಿ ತಡೆಯಬೇಕಾದ ದಿನ ಹಿರಿಯರು ಹೇಳುವ 'ಬೇಡ' ಎಂಬ ಒಂದು ಮಾತಿಗೂ ಬೆಲೆಯಿರುತ್ತದೆ.

ಜೀರ್ಣೋದ್ಧಾರದ ಕಾರ್ಯವನ್ನು ಕಂಡವರೆಲ್ಲರಿಗೂ ಅನುಜ್ಞಾಕಲಶದ ವಿಷಯವು ತಿಳಿದಿದೆ. ಶಿಥಿಲವಾದ ಗರ್ಭಗುಡಿಯನ್ನು ಬಿಚ್ಚುವುದು ದೇವರ ಸೇವೆಗಾಗಿಯೇ. ಹಾಗಿದ್ದರೂ ತಂತ್ರಿಗಳು ಕಲಶವಿಟ್ಟು, ದೇವರ ಅನುಜ್ಞೆಯನ್ನು ಬೇಡಿದ ಬಳಿಕವೇ ಕೆಲಸಕ್ಕೆ ಕೈ ಹಚ್ಚುವುದು. ಬಾಲಾಲಯಕ್ಕೆ ದೇವರನ್ನು ಬರಮಾಡಿಕೊಳ್ಳುವುದೂ ವಿಧಿಪೂರ್ವಕವಾಗಿಯೇ. ಒಳ್ಳೆಯ ಕಾರ್ಯವೆಂಬ ಕಾರಣಕ್ಕೆ ಹೇಳದೆ ಹೊರಡಲು ಅಧಿಕಾರ ಬರುವುದಿಲ್ಲವೆಂಬುದನ್ನು ದೇವಾಲಯವು ಹೀಗೆ ಕಲಿಸುತ್ತದೆ. ಬೇಡಿದವರಿಗೆ ದೇವರು ಅನುಜ್ಞೆಯನ್ನು ಕೊಡುತ್ತಾನೆ ಎಂಬ ಭರವಸೆಯನ್ನೂ ಅದು ಕಲಿಸುತ್ತದೆ. ಮೊದಲನೆಯ ಪಾಠವು ಮಕ್ಕಳಿಗೆ, ಎರಡನೆಯದು ಹಿರಿಯರಿಗೆ.

ತಿಳಿವಳಿಕೆಯಿಂದ ಹುಟ್ಟಿದ ಭಯವನ್ನು ಹಿರಿಯರು ಬುದ್ಧಿಮಾತಾಗಿ ಮಕ್ಕಳ ಕೈಗೆ ಕೊಡಲಿ. ಮಮತೆಯಿಂದ ಹುಟ್ಟಿದುದನ್ನು ದೇವರ ನಡೆಯಲ್ಲಿ ಒಪ್ಪಿಸಲಿ. ಮಕ್ಕಳು ತಮ್ಮ ಸಂಕಲ್ಪವನ್ನು ಹೊಸ್ತಿಲಿನ ಈಚೆಯೇ ತಿಳಿಸಲಿ. ಹೋದವರು ಕ್ಷೇಮವಾಗಿ ಮರಳಲಿ, ಕಾದವರ ಮನಸ್ಸು ಶಾಂತವಾಗಲಿ. ಸರ್ವೇ ಜನಾಃ ಸುಖಿನೋ ಭವಂತು.